ಮಲ್ಲಿತಮ್ಮನ ಕೈ

ಪೇಪರ್ ತೆಗೆದರೆ ರೂವಾರಿ ಅನ್ನೋ ಪದ ಆಗಾಗ ಕಣ್ಣಿಗೆ ಬೀಳುತ್ತೆ. ಗೆಲುವಿನ ರೂವಾರಿ, ಯೋಜನೆಯ ರೂವಾರಿ, ಚುನಾವಣಾ ತಂತ್ರದ ರೂವಾರಿ. ಎಂಟುನೂರು ವರ್ಷದ ಹಿಂದೆ ಈ ಪದದ ಅರ್ಥ ಸರಳವಾಗಿತ್ತು. ಕಲ್ಲಿನಲ್ಲಿ ರೂಪ ಬಿಡಿಸುವವನು ರೂವಾರಿ. ಒಂದು ಕೈಯಲ್ಲಿ ಉಳಿ, ಇನ್ನೊಂದು ಕೈಯಲ್ಲಿ ಸುತ್ತಿಗೆ, ಮೈತುಂಬಾ ಕಲ್ಲಿನ ಪುಡಿ.

ಹೊಯ್ಸಳರ ಕಾಲದ ಶಿಲ್ಪಿ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಜಕಣಾಚಾರಿ. ಆದರೆ ಅದು ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಥೆ. ಮಲ್ಲಿತಮ್ಮನ ವಿಷಯ ಬೇರೆ. ಅವನು ತನ್ನ ಕೆಲಸಕ್ಕೆ ಸಹಿ ಹಾಕಿದ್ದಾನೆ. ವಿಗ್ರಹದ ಪೀಠದ ಮೇಲೆ, ಹಳಗನ್ನಡ ಲಿಪಿಯಲ್ಲಿ, ಒಮ್ಮೆ ಪೂರ್ತಿ ಹೆಸರು, ಇನ್ನೊಮ್ಮೆ ಬರೀ ಮಲ್ಲಿ ಅಂತ. ಹೆಸರು ಕೇಳಿ ಹೆಂಗಸು ಅಂದುಕೊಳ್ಳಬೇಡಿ. ಮಲ್ಲಿ-ತಮ್ಮ ಅಂತ ಬಿಡಿಸಿ ಓದಿ.

ಅವನು ಹುಟ್ಟಿದ ಊರು, ಅಪ್ಪ-ಅಮ್ಮ, ಹೆಂಡತಿ-ಮಕ್ಕಳು, ಸತ್ತ ವರ್ಷ ಯಾವುದನ್ನೂ ಯಾರೂ ಬರೆದಿಟ್ಟಿಲ್ಲ. ಅವನ ಜೀವನಚರಿತ್ರೆ ಅಂತ ಇರೋದು ಆ ಸಹಿಗಳು ಮತ್ತು ಅವುಗಳ ಮೇಲೆ ನಿಂತಿರೋ ವಿಗ್ರಹಗಳು ಮಾತ್ರ. ಒಬ್ಬ ಮನುಷ್ಯನ ಬದುಕಿನಲ್ಲಿ ಎಲ್ಲವೂ ಅಳಿಸಿಹೋಗಿ ಅವನ ಕೈ ಮಾಡಿದ್ದು ಮಾತ್ರ ಉಳಿದಿದೆ. ಹಾಗಾಗಿ ಅವನ ಕಥೆ ಹೇಳಬೇಕು ಅಂದ್ರೆ ಕೈಯ ಕಥೆ ಹೇಳಬೇಕು. ಕೈಯ ಕಥೆ ಹೇಳಬೇಕು ಅಂದ್ರೆ ಸ್ವಲ್ಪ ಮಿದುಳಿನ ಕಥೆಯನ್ನೂ ಹೇಳಲೇಬೇಕು.

ಶುರುವಾಗೋದು 1196ರಲ್ಲಿ. ಚಿಕ್ಕಮಗಳೂರು ಜಿಲ್ಲೆ ತರೀಕೆರೆ ಹತ್ತಿರದ ಅಮೃತಾಪುರ. ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಅನ್ನುವವನು ಅಲ್ಲಿ ಗುಡಿ ಕಟ್ಟಿಸಿದ. ಮಲ್ಲಿತಮ್ಮ ಕೆಲಸ ಶುರುಮಾಡಿದ್ದು ಅಲ್ಲೇ, ಮಂಟಪದ ಗುಮ್ಮಟದಂಥ ಒಳಛಾವಣಿಗಳ ಮೇಲೆ ಅಂತ ಇತಿಹಾಸಕಾರರು ಹೇಳ್ತಾರೆ. ಈಗ ಹೋದರೂ ಕತ್ತು ನೋವು ಬರೋವರೆಗೂ ತಲೆ ಎತ್ತಿ ನೋಡಬಹುದು. ಒಂದರೊಳಗೊಂದು ಕೂತ ಸುತ್ತುಗಳು, ಮಧ್ಯದಲ್ಲಿ ಇಳಿಬಿದ್ದ ಕಲ್ಲಿನ ಮೊಗ್ಗು.

ಆಗ ಬೇಲೂರಿನ ಚೆನ್ನಕೇಶವ ಗುಡಿಗೆ 79 ವರ್ಷ ಆಗಿತ್ತು. ವಿಷ್ಣುವರ್ಧನ ಅದನ್ನು ಕಟ್ಟಿಸಿದ್ದು 1117ರಲ್ಲಿ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕೆಲಸ 1121ರ ಸುಮಾರಿಗೆ ಶುರುವಾಗಿತ್ತು. ನಮಗೆ ತಾತನ ಕಾಲದ ಕಟ್ಟಡ ಹೇಗೋ ಅವನಿಗೆ ಬೇಲೂರು ಹಾಗೆ. ಬೇಲೂರಿನ ಮದನಿಕೆಯರಲ್ಲಿ ಕೆಲವನ್ನು ಮಾಡಿದ್ದು ಬಳ್ಳಿಗಾವೆಯ ದಾಸೋಜ, ಇನ್ನು ಕೆಲವನ್ನು ಅವನ ಮಗ ಚಾವಣ. ಇಬ್ಬರೂ ಸಹಿ ಹಾಕಿದ್ದಾರೆ. ಅಪ್ಪನ ಪಕ್ಕದಲ್ಲಿ ಕೂತು ಮಗ ಕಲಿಯೋದು ಈ ಕಸುಬಿನ ದಾರಿ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಪಕ್ಕದಲ್ಲಿ ಕೂತು ಕಲಿಯೋದು ಅಂದ್ರೆ ನಿಜವಾಗಿ ಏನಾಗುತ್ತೆ? ಇಲ್ಲಿ ಒಂದು ಸಣ್ಣ ಪ್ರಯೋಗ. ಎಡಗೈಯಿಂದ ಬಲಗೈ ಮುಂಗೈಯನ್ನು, ಅಂದ್ರೆ ಮೊಣಕೈ ಮತ್ತು ಮಣಿಕಟ್ಟಿನ ಮಧ್ಯದ ಭಾಗವನ್ನು, ಹಿಡ್ಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸಿ. ಎಡಗೈ ಕೆಳಗೆ ಏನೋ ಓಡಾಡಿದ ಹಾಗೆ ಆಗುತ್ತೆ ಅಲ್ವಾ? ಬೆರಳು ಮಡಿಸೋ ದೊಡ್ಡ ಸ್ನಾಯುಗಳು ಬೆರಳಲ್ಲಿ ಇಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹಗ್ಗದ ಥರ ಸ್ನಾಯುರಜ್ಜುಗಳು, ಅಂದ್ರೆ ಟೆಂಡನ್‌ಗಳು, ಬೆರಳ ತನಕ ಹೋಗಿವೆ. ಒಂದು ಕೈಯಲ್ಲಿ 27 ಮೂಳೆ. ಇಷ್ಟು ಕೀಲು, ಇಷ್ಟು ಹಗ್ಗ ಇರೋ ರೋಬೋ ಆರ್ಮ್‌ಗೆ ಪ್ರೋಗ್ರಾಂ ಬರೀರಿ ಅಂದ್ರೆ ನಾವು ಎಷ್ಟು ಸೆಮಿಸ್ಟರ್ ತಗೋತೀವೋ!

ಆಜ್ಞೆ ಹೊರಡೋದು ಮಿದುಳಿನ ಮೇಲ್ಪದರದಲ್ಲಿ, ನೆತ್ತಿಯಿಂದ ಕಿವಿ ಕಡೆಗೆ ಇಳಿಯೋ ಒಂದು ಪಟ್ಟಿಯಿಂದ. ಇದರ ಹೆಸರು ಮೋಟಾರ್ ಕಾರ್ಟೆಕ್ಸ್. ಕೆನಡಾದ ವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಎಚ್ಚರವಾಗಿದ್ದ ರೋಗಿಗಳ ಆಪರೇಷನ್ ಮಾಡುವಾಗ ಈ ಪಟ್ಟಿಯನ್ನು ಅಲ್ಲಲ್ಲಿ ಸಣ್ಣ ಕರೆಂಟ್‌ನಿಂದ ಮುಟ್ಟಿ ಯಾವ ಅಂಗ ಅಲ್ಲಾಡುತ್ತೆ ಅಂತ ಗುರುತು ಹಾಕಿಕೊಂಡ. ಆ ನಕ್ಷೆಯಲ್ಲಿ ಇಡೀ ಮುಂಡಕ್ಕೆ ಸಿಕ್ಕಿದ ಜಾಗ ಚೂರೇ ಚೂರು. ಕೈಗೆ ಸಿಕ್ಕಿದ್ದು ದೊಡ್ಡ ಸೈಟು. ಆ ಸೈಟಿನಿಂದ ಹೊರಟ ಕೆಲವು ನರಗಳು ಬೆನ್ನುಹುರಿಯಲ್ಲಿ ಮಧ್ಯವರ್ತಿಗಳೇ ಇಲ್ಲದೆ ನೇರವಾಗಿ ಕೈಸ್ನಾಯುವಿನ ನರಕೋಶಗಳನ್ನು ಮುಟ್ಟುತ್ತವೆ. ಒಂದೊಂದು ಬೆರಳನ್ನು ಬೇರೆ ಬೇರೆಯಾಗಿ ಆಡಿಸೋಕೆ ಆಗೋದು ಇದರಿಂದಾನೇ. ಎಡಮಿದುಳು ಬಲಗೈಗೆ, ಬಲಮಿದುಳು ಎಡಗೈಗೆ. ಉಳಿ ಹಿಡಿದ ಕೈ ಒಂದು ಕಡೆಯದು, ಸುತ್ತಿಗೆ ಹಿಡಿದ ಕೈ ಇನ್ನೊಂದು ಕಡೆಯದು. ಎರಡನ್ನೂ ಸೇರಿಸೋಕೆ ಮಧ್ಯೆ ನರಗಳ ದಪ್ಪ ಸೇತುವೆ ಇದೆ.

ಈಗ ಅಮೃತಾಪುರದ ಹುಡುಗನ ಕಷ್ಟಕ್ಕೆ ಬನ್ನಿ. ಕಲ್ಲಿನ ಕೆಲಸದಲ್ಲಿ ಅಂಡೂ ಬಟನ್ ಇಲ್ಲ. ತೆಗೆದ ಕಲ್ಲನ್ನು ಮತ್ತೆ ಅಂಟಿಸೋಕಾಗಲ್ಲ. ವಿಗ್ರಹದ ಮೂಗಿನ ಮೇಲೆ ಒಂದು ಏಟು ಜಾಸ್ತಿ ಬಿದ್ದರೆ ತಿಂಗಳ ಕೆಲಸ ಹೋಯ್ತು. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಭೂವಿಜ್ಞಾನದವರು ಅದನ್ನ ಕ್ಲೋರೈಟ್ ಶಿಸ್ಟ್ ಅಂತಾರೆ. ಮೆದು, ನುಣುಪು. ಬಳೆಯ ಮೇಲಿನ ಗೆರೆಯನ್ನೂ ಬಿಡಿಸೋಕೆ ಬಿಡುವಷ್ಟು ಒಳ್ಳೇ ಕಲ್ಲು, ಆದರೆ ತಪ್ಪನ್ನೂ ಅಷ್ಟೇ ಸುಲಭವಾಗಿ ಒಪ್ಪಿಕೊಳ್ಳೋ ಕಲ್ಲು.

ಕಣ್ಣಲ್ಲಿ ನೋಡಿ ತಿದ್ದಿಕೊಳ್ಳೋಣ ಅಂದ್ರೆ ಅದಕ್ಕೆ ಟೈಮ್ ಇಲ್ಲ. ಕಣ್ಣಿಂದ ಬಂದ ಸುದ್ದಿ ಮಿದುಳಿಗೆ ಹೋಗಿ, ಅಲ್ಲಿಂದ ತಿದ್ದುಪಡಿ ಕೈಗೆ ಬರೋಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು. ಸುತ್ತಿಗೆ ಇಳಿಯೋಕೆ ಶುರುವಾದ ಮೇಲೆ ಅಷ್ಟು ಸಮಯ ಸಿಗೋದು ಕಷ್ಟ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಗೊತ್ತಿರೋದೇ. ಫೀಡ್‌ಬ್ಯಾಕ್ ಲೂಪ್‌ನಲ್ಲಿ ಡಿಲೇ ಇದ್ದಾಗ ಬರೀ ಫೀಡ್‌ಬ್ಯಾಕ್ ನಂಬಿಕೊಂಡರೆ ಸಿಸ್ಟಮ್ ಅಲ್ಲಾಡೋಕೆ ಶುರುವಾಗುತ್ತೆ. ಮುಂಚೇನೇ ಲೆಕ್ಕ ಹಾಕಿ ಕೊಡಬೇಕು, ಅಂದ್ರೆ ಫೀಡ್‌ಫಾರ್ವರ್ಡ್.

ಆ ಲೆಕ್ಕ ಹಾಕೋದರಲ್ಲಿ ದೊಡ್ಡ ಪಾಲು ತಲೆಯ ಹಿಂದುಗಡೆ, ಕೆಳಗೆ ಇರೋ ಕಿರುಮಿದುಳಿನದು. ಗಾತ್ರದಲ್ಲಿ ಇಡೀ ಮಿದುಳಿನ ಸುಮಾರು ಹತ್ತನೇ ಒಂದು ಭಾಗ, ಆದರೆ ನಮ್ಮ ಒಟ್ಟು ನರಕೋಶಗಳಲ್ಲಿ ಅರ್ಧಕ್ಕಿಂತ ತುಂಬಾ ಹೆಚ್ಚು ಅಲ್ಲೇ ಇವೆ. ಈ ಆಜ್ಞೆ ಕೊಟ್ಟರೆ ಕೈ ಎಲ್ಲಿಗೆ ಹೋಗುತ್ತೆ, ಏನು ಅನ್ನಿಸುತ್ತೆ ಅಂತ ಅದು ಮೊದಲೇ ಊಹಿಸುತ್ತೆ. ಆಗಿದ್ದಕ್ಕೂ ಊಹಿಸಿದ್ದಕ್ಕೂ ವ್ಯತ್ಯಾಸ ಬಂದರೆ ತನ್ನ ಮಾಡೆಲ್ ತಿದ್ದಿಕೊಳ್ಳುತ್ತೆ. ಉಳಿ ಹಿಡಿದ ಎಡಗೈಯನ್ನೇ ನೋಡಿ. ಪಳಗಿದವನ ಹಿಡಿತ ಏಟು ಬಿದ್ದ ಮೇಲೆ ಗಟ್ಟಿಯಾಗಲ್ಲ, ಏಟು ಬೀಳೋ ಕ್ಷಣಕ್ಕೆ ಸ್ವಲ್ಪ ಮುಂಚೆನೇ ಗಟ್ಟಿಯಾಗಿರುತ್ತೆ. ಎಷ್ಟು ಬೇಕೋ ಅಷ್ಟೇ. ಹೊಸಬ ಉಳಿಯನ್ನು ಇಡೀ ದಿನ ಜೋರಾಗಿ ಹಿಡಿದುಕೊಂಡು ಸಂಜೆಗೆ ಕೈ ಊದಿಸಿಕೊಳ್ತಾನೆ. ಫಿಟ್ಟಿಂಗ್ ಲ್ಯಾಬ್‌ನಲ್ಲಿ ಮೊದಲ ವಾರ ಚಿಪ್ಪಿಂಗ್ ಮಾಡಿದವರಿಗೆ ಈ ನೋವು ಗೊತ್ತು.

ಸುತ್ತಿಗೆ ಹಿಡಿದ ಕೈಯನ್ನು ಗಂಭೀರವಾಗಿ ಅಳೆದವನು ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್. 1920ರ ದಶಕದಲ್ಲಿ, ಮಾಸ್ಕೋದ ಕಾರ್ಮಿಕ ಸಂಶೋಧನಾ ಸಂಸ್ಥೆಯಲ್ಲಿ. ಉಳಿಗೆ ಸುತ್ತಿಗೆಯಿಂದ ಹೊಡೆಯೋ ನುರಿತ ಕೆಲಸಗಾರರ ತೋಳಿನ ಕೀಲುಗಳಿಗೆ ಸಣ್ಣ ಬಲ್ಬ್ ಕಟ್ಟಿ, ಕ್ಯಾಮೆರಾದಲ್ಲಿ ಅವುಗಳ ದಾರಿ ಹಿಡಿದ. ನುರಿತವನ ಪ್ರತಿ ಏಟೂ ಒಂದೇ ಥರ ಇರುತ್ತೆ ಅಂತ ತಾನೇ ನಾವು ಅಂದುಕೊಳ್ಳೋದು? ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಸ್ವಲ್ಪ ಬೇರೆ ದಾರಿಯಲ್ಲಿ ಹೋಗಿದ್ದವು. ಸುತ್ತಿಗೆಯ ತುದಿ ಮಾತ್ರ ಅದಕ್ಕಿಂತ ಕಡಿಮೆ ಅಲ್ಲಾಡಿತ್ತು. ಭುಜ ಸ್ವಲ್ಪ ಆಚೆ ಹೋದರೆ ಮಣಿಕಟ್ಟು ಅದನ್ನ ಸರಿದೂಗಿಸುತ್ತಿತ್ತು. ಅಂದ್ರೆ ಕೈ ಕಲಿತಿದ್ದು ಒಂದು ಚಲನೆಯನ್ನ ಉರು ಹೊಡೆಯೋದಲ್ಲ, ಒಂದು ಗುರಿಯನ್ನ ನೂರು ದಾರಿಯಲ್ಲಿ ಮುಟ್ಟೋದು.

ನಮ್ಮ ದೇಶದಲ್ಲೂ ಇಂಥದೊಂದು ಕೆಲಸ ನಡೆದಿದೆ. ಗುಜರಾತಿನ ಖಂಭಾತ್‌ನಲ್ಲಿ ಕೆಂಪು ಅಗೇಟ್ ಕಲ್ಲನ್ನು ಸುತ್ತಿಗೆಯಿಂದ ಚಕ್ಕೆ ಎಬ್ಬಿಸಿ ಮಣಿ ಮಾಡೋ ಕುಶಲಕರ್ಮಿಗಳಿದ್ದಾರೆ. ಫ್ರಾನ್ಸಿನ ಸಂಶೋಧಕರು 1990ರ ದಶಕದಲ್ಲಿ ಅವರಿಗೆ ಅಭ್ಯಾಸವಿಲ್ಲದ ಗಾಜನ್ನು ಕೊಟ್ಟು ನೋಡಿದರು. ಒಳ್ಳೇ ಗುಣಮಟ್ಟದ ಮಣಿ ಮಾಡೋರು ಗಾಜಿಗೆ ತಕ್ಕ ಹಾಗೆ ಏಟಿನ ಬಿರುಸನ್ನ ಬದಲಾಯಿಸಿಕೊಂಡರು. ಸಾಧಾರಣ ಮಣಿ ಮಾಡೋರಿಗೆ ಅದು ಅಷ್ಟು ಒಲಿಯಲಿಲ್ಲ. ವರ್ಷಗಟ್ಟಲೆ ಹೊಡೆದವರೇ ಇಬ್ಬರೂ. ವ್ಯತ್ಯಾಸ ಇದ್ದದ್ದು ಕಲ್ಲು ಹೇಳಿದ್ದನ್ನು ಕೈ ಎಷ್ಟು ಕೇಳಿಸಿಕೊಳ್ಳುತ್ತೆ ಅನ್ನೋದರಲ್ಲಿ.

ಮಲ್ಲಿತಮ್ಮನ ಕೈ ಹೀಗೆ ಪಳಗುತ್ತಾ ಹೋದ ಕಾಲದಲ್ಲೇ ಇವತ್ತಿನ ಅರಸೀಕೆರೆ ಸುತ್ತಮುತ್ತ ಗುಡಿಗಳು ಎದ್ದವು. ಅರಸೀಕೆರೆ ಊರಿನಲ್ಲೇ ಇರೋ ಈಶ್ವರ ಗುಡಿ 1220ರದು. ಅದೇ ತಾಲ್ಲೂಕಿನ ಹಾರನಹಳ್ಳಿಯಲ್ಲಿ 1235ರಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಅನ್ನೋ ಅಣ್ಣ-ತಮ್ಮಂದಿರು ಲಕ್ಷ್ಮೀನರಸಿಂಹ ಗುಡಿ ಕಟ್ಟಿಸಿದರು. ಅಲ್ಲಿನ ಶಿಲ್ಪದಲ್ಲಿ ಮಲ್ಲಿತಮ್ಮನ ಕೈವಾಡ ಇದೆ ಅಂತ ಗುರುತಿಸಿದ್ದಾರೆ. ಅಮೃತಾಪುರ ಮುಗಿದು ಆಗಲೇ ಸುಮಾರು ನಲವತ್ತು ವರ್ಷ. ಹುಡುಗ ಈಗ ಯಜಮಾನ.

1246ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿ. ಇಲ್ಲಿ ಮಲ್ಲಿತಮ್ಮನ ಎದುರಿಗೆ ಇನ್ನೊಬ್ಬ ಘಟಾನುಘಟಿ ಇದ್ದ, ನಂದಿಯ ಬೈಚೋಜ. ದಕ್ಷಿಣದ ಗೋಡೆಯಲ್ಲಿ ಬೈಚೋಜನ ಕೆಲಸ, ಉತ್ತರದ ಗೋಡೆಯಲ್ಲಿ ಮಲ್ಲಿತಮ್ಮನದು. ಒಂದೇ ಗುಡಿ, ಒಂದೇ ಕಲ್ಲು, ಅದೇ ದೇವರುಗಳು, ಕೈ ಮಾತ್ರ ಎರಡು. ಒಂದು ಸುತ್ತು ಹಾಕಿದರೆ ಇಬ್ಬರ ವ್ಯತ್ಯಾಸ ತಿಳಿಯುತ್ತೆ ಅಂತ ಕಲಾ ಇತಿಹಾಸಕಾರರು ಹೇಳ್ತಾರೆ.

ಇದು ಹೇಗೆ ಸಾಧ್ಯ? ನಿಮ್ಮ ಸಹಿಯನ್ನು ಹಾಳೆ ಮೇಲೆ ಹಾಕಿ, ಆಮೇಲೆ ಬೋರ್ಡ್ ಮೇಲೆ ಒಂದು ಅಡಿ ದೊಡ್ಡದಾಗಿ ಹಾಕಿ. ಹಾಳೆ ಮೇಲೆ ಕೆಲಸ ಮಾಡಿದ್ದು ಬೆರಳು ಮತ್ತು ಮಣಿಕಟ್ಟು, ಬೋರ್ಡ್ ಮೇಲೆ ಭುಜ ಮತ್ತು ಮೊಣಕೈ. ಸ್ನಾಯುಗಳೇ ಬೇರೆ, ಆದರೂ ಅಕ್ಷರದ ಓಟ ನಿಮ್ಮದೇ. ಅಂದ್ರೆ ಆ ಓಟ ಯಾವುದೋ ಒಂದು ಸ್ನಾಯುವಿನಲ್ಲಿ ಕೂತಿಲ್ಲ, ಅದಕ್ಕೂ ಮೇಲೆ ಮಿದುಳಿನಲ್ಲಿದೆ. ಬೈಚೋಜ ಸಹಿ ಹಾಕದೇ ಇದ್ದಿದ್ದರೂ ಅವನ ವಿಗ್ರಹ ಒಂದು ಸಹಿಯೇ. ಮಲ್ಲಿತಮ್ಮನದೂ ಅಷ್ಟೇ.

ಮುಂದಿನದು ಜಾವಗಲ್. ಅರಸೀಕೆರೆ ತಾಲ್ಲೂಕು, ಹಳೇಬೀಡಿಗೆ ಹತ್ತಿರ. ಈ ಹೆಸರು ಕೇಳಿದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ನೆನಪಾಗೋದು ಶ್ರೀನಾಥ್. ಮೈಸೂರಿನಲ್ಲಿ ಹುಟ್ಟಿ ಅಲ್ಲೇ ಎಂಜಿನಿಯರಿಂಗ್ ಓದಿದ ಫಾಸ್ಟ್ ಬೌಲರ್, ಹೆಸರಿನ ಮುಂದೆ ಈ ಊರು. ಚೆಂಡು ಕೈ ಬಿಡೋ ಕ್ಷಣದಲ್ಲಿ ಕೆಲವೇ ಮಿಲಿಸೆಕೆಂಡು ಹೆಚ್ಚುಕಡಿಮೆ ಆದರೆ ಯಾರ್ಕರ್ ಫುಲ್‌ಟಾಸ್ ಆಗುತ್ತೆ. ಉಳಿಯದೂ ಚೆಂಡಿನದೂ ಒಂದೇ ಕಥೆ, ಕೈ ಹೊರಟ ಮೇಲೆ ತಿದ್ದೋಕೆ ಟೈಮ್ ಇಲ್ಲ.

ಶ್ರೀನಾಥ್‌ಗಿಂತ ಏಳುನೂರು ವರ್ಷ ಮುಂಚೆ, 13ನೇ ಶತಮಾನದ ಮಧ್ಯದಲ್ಲಿ, ಈ ಊರಿನಲ್ಲಿ ಇನ್ನೊಂದು ಲಕ್ಷ್ಮೀನರಸಿಂಹ ಗುಡಿ ಎದ್ದಿತು. ಅಲ್ಲಿ ಮಲ್ಲಿತಮ್ಮನ ಸಹಿ ಇದೆ, ಮಾಕಸ ಅನ್ನುವವನದಿದೆ. ಜೊತೆಗೆ ಇನ್ನೊಂದು ಹೆಸರು: ಚಿಕ್ಕ ಮಲ್ಲಿತಮ್ಮ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡೋದು ಹೊಸದೇನಲ್ಲ. ಚಿಕ್ಕ ಮಲ್ಲಿತಮ್ಮ ಮಗನೋ, ಮೊಮ್ಮಗನೋ, ಶಿಷ್ಯನೋ, ಏನೇ ಆಗಿರಲಿ, ದೊಡ್ಡವನೊಬ್ಬ ಇದ್ದ ಅನ್ನೋದನ್ನು ಆ ಚಿಕ್ಕ ಅನ್ನೋ ಪದವೇ ಹೇಳುತ್ತೆ.

ದೊಡ್ಡವನು ಚಿಕ್ಕವನಿಗೆ ಹೇಗೆ ಹೇಳಿಕೊಟ್ಟಿರಬಹುದು? ಬಾಯಲ್ಲಿ ಹೇಳೋಕೆ ಆಗೋದು ಸ್ವಲ್ಪವೇ. ಮೂರ್ತಿಯ ಅಳತೆ, ತಾಳದ ಲೆಕ್ಕ, ಯಾವ ದೇವರ ಯಾವ ಕೈಯಲ್ಲಿ ಶಂಖ, ಯಾವುದರಲ್ಲಿ ಚಕ್ರ, ಇವನ್ನೆಲ್ಲ ಹೇಳಬಹುದು, ಬಾಯಿಪಾಠ ಮಾಡಿಸಬಹುದು. ಏಟಿನ ಬಿರುಸನ್ನು ಹೇಳೋದು ಹೇಗೆ? ಮಿದುಳಿನಲ್ಲಿ ಇವೆರಡೂ ಬೇರೆ ಬೇರೆ ಜಾಗದಲ್ಲಿ ಸೇರಿಕೊಳ್ಳುತ್ತವೆ. ಇದು ಗೊತ್ತಾಗಿದ್ದು ಅಮೆರಿಕದ ಹೆನ್ರಿ ಮೊಲೈಸನ್ ಎಂಬ ರೋಗಿಯಿಂದ. 1953ರಲ್ಲಿ ಮೂರ್ಛೆರೋಗಕ್ಕೆ ಆಪರೇಷನ್ ಆದ ಮೇಲೆ ಅವನಿಗೆ ಹೊಸ ನೆನಪು ನಿಲ್ಲುತ್ತಲೇ ಇರಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯೋ ಕೆಲಸ ಕೊಟ್ಟಳು. ದಿನದಿಂದ ದಿನಕ್ಕೆ ಅವನ ಗೆರೆ ನೆಟ್ಟಗಾಯಿತು. ಆದರೆ ಹಿಂದಿನ ದಿನ ಇದನ್ನು ಮಾಡಿದ್ದೆ ಅನ್ನೋದೇ ಅವನಿಗೆ ನೆನಪಿರಲಿಲ್ಲ! ಕೈ ಕಲಿತಿತ್ತು, ಅವನಿಗೆ ಗೊತ್ತಿರಲಿಲ್ಲ.

ನಮ್ಮೆಲ್ಲರ ಕೈಯೂ ಹಾಗೇ. ಸೈಕಲ್ ಬ್ಯಾಲೆನ್ಸ್ ಮಾಡೋದು ಹೇಗೆ ಅಂತ ಪಿಡಿಎಫ್ ಮಾಡಿ ಕಳಿಸೋಕಾಗಲ್ಲ. ಹಾಗಾಗಿ ಮಲ್ಲಿತಮ್ಮನಿಗೆ ಇದ್ದಿದ್ದು ಒಂದೇ ದಾರಿ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳೋದು, ಮೊದಲು ಬಳ್ಳಿ, ಆಮೇಲೆ ಆನೆ ಸಾಲು, ಕೊನೆಗೆ ಮುಖ, ಹೀಗೆ ಕಲ್ಲು ಹಾಳಾದರೂ ಪರವಾಗಿಲ್ಲ ಅನ್ನೋ ಜಾಗದಿಂದ ಹಾಳಾಗಲೇಬಾರದು ಅನ್ನೋ ಜಾಗದ ತನಕ ನಡೆಸೋದು. ಲಕ್ಷ ಏಟು ಹೊಡೆದಾಗ ಹುಡುಗನ ಮಿದುಳು ತನ್ನ ಮಾಡೆಲ್ ತಾನೇ ಕಟ್ಟಿಕೊಳ್ಳುತ್ತೆ. ಪಿಟೀಲು ನುಡಿಸೋರ ಮಿದುಳಿನಲ್ಲಿ ತಂತಿ ಒತ್ತುವ ಎಡಗೈ ಬೆರಳುಗಳ ಸ್ಪರ್ಶಕ್ಕೆ ಮೀಸಲಾದ ಜಾಗ ಬೇರೆಯವರಿಗಿಂತ ದೊಡ್ಡದಾಗಿರುತ್ತೆ, ಚಿಕ್ಕ ವಯಸ್ಸಲ್ಲಿ ಶುರುಮಾಡಿದವರಲ್ಲಿ ಇನ್ನೂ ಜಾಸ್ತಿ ಅಂತ 1995ರಲ್ಲಿ ಜರ್ಮನಿಯ ಸಂಶೋಧಕರು ಅಳೆದು ತೋರಿಸಿದರು. ಕಲ್ಲು ಕೆತ್ತೋರ ಮಿದುಳಿನ ಕಥೆಯೂ ಬೇರೆ ಇರಲಾರದು.

ಕೊನೆಯ ದೊಡ್ಡ ಕೆಲಸ ಸೋಮನಾಥಪುರ. 1268, ಮೂರನೇ ನರಸಿಂಹನ ಕಾಲ, ಸೋಮನಾಥ ದಂಡನಾಯಕ ಕಟ್ಟಿಸಿದ ಕೇಶವ ಗುಡಿ. ಮೂರು ಗರ್ಭಗುಡಿ, ನಕ್ಷತ್ರದ ಆಕಾರದ ಜಗಲಿ. ಇಲ್ಲಿ ತುಂಬಾ ಶಿಲ್ಪಿಗಳ ಸಹಿ ಇದೆ. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ಪಲ್ಲವಾಚಾರಿ, ಚೋಳವಾಚಾರಿ ಅನ್ನೋ ಹೆಸರು ನೋಡಿದರೆ ತಮಿಳು ನಾಡಿನ ಕಡೆಯವರೂ ಬಂದಿದ್ದರು ಅನ್ನಿಸುತ್ತೆ. ಎಲ್ಲರಿಗಿಂತ ಹೆಚ್ಚು ಸಹಿ ಮಲ್ಲಿತಮ್ಮನದು, ಸುಮಾರು ನಲವತ್ತು ವಿಗ್ರಹಗಳ ಮೇಲೆ.

ಈಗ ಲೆಕ್ಕ ಹಾಕಿ. 1196ರಿಂದ 1268ಕ್ಕೆ 72 ವರ್ಷ. ಎರಡನೇ ವೀರಬಲ್ಲಾಳ, ಎರಡನೇ ನರಸಿಂಹ, ಸೋಮೇಶ್ವರ, ಮೂರನೇ ನರಸಿಂಹ, ಒಟ್ಟು ನಾಲ್ಕು ರಾಜರು. ಅಮೃತಾಪುರದಲ್ಲಿ ಅವನಿಗೆ ಹದಿನೈದು ವರ್ಷ ಅಂದುಕೊಂಡರೂ ಸೋಮನಾಥಪುರದ ಹೊತ್ತಿಗೆ 87. ಗುಡಿಯ ಪ್ರತಿಷ್ಠೆಗೆ ವರ್ಷಗಳ ಮುಂಚೆಯೇ ಕೆತ್ತನೆ ಶುರುವಾಗುತ್ತೆ, ಹಾಗಾಗಿ ಸ್ವಲ್ಪ ಕಮ್ಮಿ ಮಾಡಿಕೊಳ್ಳೋಣ. ಸುಮಾರು ಅರವತ್ತು ವರ್ಷದ ವೃತ್ತಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಆದರೂ ಮುದುಕ ಮುದುಕನೇ ಅಲ್ವಾ?

ವಯಸ್ಸಾದ ಕೈಯಲ್ಲಿ ವೇಗ ಕಮ್ಮಿಯಾಗುತ್ತೆ, ಬೆರಳ ತುದಿಯ ಸ್ಪರ್ಶ ಮಂಕಾಗುತ್ತೆ, ಹತ್ತಿರದ್ದು ಕಣ್ಣಿಗೆ ಕಾಣಲ್ಲ. 13ನೇ ಶತಮಾನದ ಹೊಯ್ಸಳ ನಾಡಿನಲ್ಲಿ ಕನ್ನಡಕ ಎಲ್ಲಿಂದ ಬರಬೇಕು? ಆದರೆ ದಶಕಗಟ್ಟಲೆ ಅಭ್ಯಾಸ ಮಾಡಿದ ಕೆಲಸ ಬೇರೆ ಕೆಲಸಗಳಷ್ಟು ಬೇಗ ಕುಸಿಯಲ್ಲ. ಬರ್ನ್‌ಸ್ಟೈನ್ ಕಂಡದ್ದು ಇಲ್ಲೂ ಲೆಕ್ಕಕ್ಕೆ ಬರುತ್ತೆ. ಒಂದು ದಾರಿ ಮುಚ್ಚಿದರೆ ಪಳಗಿದ ಕೈ ಇನ್ನೊಂದು ದಾರಿ ಹುಡುಕುತ್ತೆ. ಹೊಡೆತ ನಿಧಾನ ಆಗಬಹುದು, ಉಳಿ ಮಾತ್ರ ಬೀಳಬೇಕಾದ ಕಡೆಯೇ ಬೀಳುತ್ತೆ. ಹಾಗಾದರೆ ಸೋಮನಾಥಪುರದ ನಲವತ್ತು ವಿಗ್ರಹ ಆ ಒಬ್ಬನದೇನಾ, ಅಥವಾ ಚಿಕ್ಕ ಮಲ್ಲಿತಮ್ಮ ದೊಡ್ಡವನಾಗಿ ಚಿಕ್ಕ ಅನ್ನೋದನ್ನು ಬಿಟ್ಟನಾ? ನನಗೇನೋ ಎರಡನೆಯದೂ ಸಣ್ಣ ವಿಷಯ ಅನ್ನಿಸಲ್ಲ. ಪಂಡಿತರೇ ಒಬ್ಬನದು ಅಂದುಕೊಳ್ಳುವಷ್ಟು ಹೊಂದೋ ಕೆಲಸವನ್ನ ಇಬ್ಬರು ಮಾಡಿದ್ದರೆ, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದು ಎಷ್ಟು ಚೆನ್ನಾಗಿ ನಾಟಿರಬೇಕು!

ಮಲ್ಲಿತಮ್ಮ ಯಾವತ್ತು ಸತ್ತನೋ, ಅವತ್ತು ಅವನ ಕಿರುಮಿದುಳಿನಲ್ಲಿದ್ದ ಮಾಡೆಲ್ ಕೂಡ ಸತ್ತಿತು. ಅದರ ಬ್ಯಾಕಪ್ ಇದ್ದಿದ್ದು ಪಕ್ಕದಲ್ಲಿ ಕೂತಿದ್ದ ಹುಡುಗರ ತಲೆಯಲ್ಲಿ ಮಾತ್ರ. ಆ ಬ್ಯಾಕಪ್ ಉಳೀಬೇಕಾದರೆ ಅವರಿಗೆ ಇನ್ನೊಂದು ಗುಡಿ, ಇನ್ನೊಂದಷ್ಟು ಹುಡುಗರು ಬೇಕಿತ್ತು. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದ್ವಾರಸಮುದ್ರಕ್ಕೆ, ಅಂದ್ರೆ ಇವತ್ತಿನ ಹಳೇಬೀಡಿಗೆ ಬಂತು. 14ನೇ ಶತಮಾನದ ಮಧ್ಯದ ಹೊತ್ತಿಗೆ ಹೊಯ್ಸಳರ ಆಳ್ವಿಕೆಯೇ ಮುಗಿಯಿತು. ಆಮೇಲೆ ಬಂದ ವಿಜಯನಗರದವರು ಹೆಚ್ಚಾಗಿ ಕಟ್ಟಿದ್ದು ಗ್ರಾನೈಟಿನಲ್ಲಿ. ಗಟ್ಟಿ ಕಲ್ಲು, ಬೇರೆ ಉಳಿ, ಬೇರೆ ಏಟು. ಬಳಪದ ಕಲ್ಲಿನ ಮಾತು ಕೇಳೋಕೆ ಕಲಿತಿದ್ದ ಕೈಗಳಿಗೆ ಕೆಲಸ ಇಲ್ಲದ ಹಾಗಾಯಿತು. ಯಾರೂ ಪುಸ್ತಕ ಸುಟ್ಟು ಈ ವಿದ್ಯೆಯನ್ನು ಅಳಿಸಬೇಕಾಗಿರಲಿಲ್ಲ. ಎರಡು ತಲೆಮಾರು ಸುಮ್ಮನೆ ಕೂತರೆ ಸಾಕಿತ್ತು.

ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಒಳ್ಳೇದೇ ಆಯಿತು. ಕಲ್ಲನ್ನು ಕಾಪಾಡೋಕೆ ಒಂದು ಪಟ್ಟಿ ಇದೆ. ಕೈಯನ್ನು ಕಾಪಾಡೋಕೆ ಪಕ್ಕದಲ್ಲಿ ಕೂರೋ ಹುಡುಗ ಬೇಕು, ಹುಡುಗಿಯಾದರೂ ಸರಿ. ವೆಲ್ಡಿಂಗ್ ಇರಲಿ, ಸೋಲ್ಡರಿಂಗ್ ಇರಲಿ, ಲೇತ್ ಇರಲಿ, ನಮ್ಮ ಲ್ಯಾಬ್‌ಗಳಲ್ಲೂ ಮ್ಯಾನುಯಲ್‌ನಲ್ಲಿ ಇಲ್ಲದ ಎಷ್ಟೋ ವಿಷಯ ಇನ್‌ಸ್ಟ್ರಕ್ಟರ್‌ಗಳ ಕೈಯಲ್ಲಿದೆ. ಅವರು ರಿಟೈರ್ ಆಗೋದರೊಳಗೆ ಕಲಿತುಕೊಂಡರೆ ಉಂಟು.

ಮುಂದಿನ ಸಲ ಹಳೇಬೀಡು ಟ್ರಿಪ್ ಹಾಕಿದಾಗ ವಾಪಸ್ ಬರ್ತಾ ಜಾವಗಲ್ ಕಡೆ ಗಾಡಿ ತಿರುಗಿಸಿ. ಜನ ಜಾಸ್ತಿ ಇರಲ್ಲ. ವಿಗ್ರಹದ ಮುಖ ನೋಡಿ ಆದ ಮೇಲೆ ಸ್ವಲ್ಪ ಬಗ್ಗಿ ಪೀಠದ ಕಡೆ ಕಣ್ಣು ಹಾಯಿಸಿ. ಅಲ್ಲಲ್ಲಿ ಸವೆದ ಅಕ್ಷರಗಳು ಕಾಣುತ್ತವೆ. ಅವುಗಳಲ್ಲಿ ಮಲ್ಲಿತಮ್ಮ ಇದ್ದಾನೆ, ಚಿಕ್ಕ ಮಲ್ಲಿತಮ್ಮನೂ ಇದ್ದಾನೆ.